ಗೋಡೆ ಬಿಟ್ಟಿಳಿಯದ ಭೂಪಟ

ಆ ಪ್ರೌಢಶಾಲೆಗೆ ಇದ್ದದ್ದು ಒಂದೇ ಭೂಪಟ. ಇನ್ನೆರಡು ಕೊಡಿಸಿ ಎಂದು ಭೂಗೋಳದ ಮೇಡಂ ಆರು ವರ್ಷದಿಂದ ಅರ್ಜಿ ಬರೆಯುತ್ತಿದ್ದರು. ಪ್ರತಿ ಸಲವೂ ಅನುದಾನವಿಲ್ಲ ಎಂಬ ಉತ್ತರ ಬರುತ್ತಿತ್ತು.

ತಪಾಸಣೆಗೆ ಬಂದ ಅಧಿಕಾರಿ ರೇಗಿದರು. "ಇದನ್ನೇ ಪಕ್ಕದ ಕ್ಲಾಸಿಗೂ ತಗೊಂಡು ಹೋಗೋಕೆ ಏನ್ ಕಷ್ಟ ಮೇಡಂ?"

"ಹೆಡ್‌ಮಾಸ್ಟರು ತೆಗೆಯೋಕೆ ಬಿಡಲ್ಲ ಸಾರ್."

"ನಾನ್ ಹೇಳ್ತಿದೀನಿ, ತೆಗೀರಿ."

ಹೆಡ್‌ಮಾಸ್ಟರು ಬೇಡ ಬೇಡ ಎನ್ನುವಷ್ಟರಲ್ಲಿ ಮೇಡಂ ಭೂಪಟ ಇಳಿಸಿದರು. ಹಿಂದಿನ ಗೋಡೆಯಲ್ಲಿ ಕೈ ತೂರುವಷ್ಟು ಬಿರುಕು; ಆಚೆಯ ಹುಣಸೆಮರ ಕಾಣುತ್ತಿತ್ತು. ಕಟ್ಟಡ ಸುಭದ್ರವೆಂದು ಹೋದ ವರ್ಷ ಸಹಿ ಹಾಕಿದ್ದವರು ಇದೇ ಅಧಿಕಾರಿ.

ಅವರೇ ಭೂಪಟದ ಒಂದು ತುದಿ ಹಿಡಿದೆತ್ತಿದರು.

"ಮೊದಲು ಇದನ್ನ ನೇತುಹಾಕಿ. ಉಳಿದೆರಡು ಕ್ಲಾಸಿಗೂ ಸೋಮವಾರವೇ ಭೂಪಟ ಕಳಿಸ್ತೀನಿ, ದೊಡ್ಡ ಸೈಜಿಂದು."