ಟೇಪು ಕತ್ತರಿಸದ ಮೋಟರು

ಬಿಂದಿಗೆಯಿಂದ ಎದ್ದ ವಾಸನೆ ಹೊಂಬಾಳಮ್ಮನಿಗೆ ಹೊಸದಲ್ಲ. ಚಿಕ್ಕವಳಿದ್ದಾಗ ಅವ್ವ ನಾಲೆಯಲ್ಲಿ ಒಗೆದು ತಂದ ಸೀರೆಗಳಲ್ಲಿ ಇದೇ ಪಾಚಿಯ ವಾಸನೆ ಇರುತ್ತಿತ್ತು. ಆಗ ಹಿತವಾಗಿತ್ತು. ಈಗ ಅದು ಕುಡಿಯುವ ನೀರಿನಲ್ಲಿತ್ತು.

ಊರಿನ ಬೋರ್‌ವೆಲ್ಲಿನ ಮೋಟರು ಸುಟ್ಟುಹೋಗಿತ್ತು. ಹೊಸದು ಬಂದು, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಪಂಚಾಯಿತಿ ಕಚೇರಿಯ ಮೂಲೆಯಲ್ಲಿ ಬಿದ್ದಿತ್ತು. ದೊಡ್ಡ ನಾಯಕರು ಬಂದು ಟೇಪು ಕತ್ತರಿಸದೆ ಅದನ್ನು ಇಳಿಸಕೂಡದು ಎಂದವನು, ಊರೆಲ್ಲ 'ಅಧ್ಯಕ್ಷ್ರೆ' ಎಂದು ಕರೆಯುವ ಜಯಪ್ರಕಾಶ್. ನಾಯಕರಿಗೆ ಬಿಡುವಿರಲಿಲ್ಲ. ಊರು ನಾಲೆಯ ನೀರು ಕುಡಿಯುತ್ತಿತ್ತು.

ಪಕ್ಕದ ಬೀದಿಯ ಜಾಕಿಯಾಳ ಮಗಳು ವಾಂತಿಭೇದಿಯಾಗಿ ಮದ್ದೂರಿನ ಆಸ್ಪತ್ರೆ ಸೇರಿದ್ದಳು. ಮನೆಯಿಂದ ಬಟ್ಟೆ ಒಯ್ಯಲು ಊರಿಗೆ ಬಂದ ಜಾಕಿಯಾ ನಾಲೆಯ ಮೆಟ್ಟಿಲ ಬಳಿ ಸಿಕ್ಕಳು.

"ಡ್ರಿಪ್ ಹಾಕವ್ರೆ ಕಣಕ್ಕ. ಇನ್ನೂ ಸರ್ಯಾಗಿ ಕಣ್ಬುಟ್ಟಿಲ್ಲ. ಅಧ್ಯಕ್ಷನಂತೆ ಅಧ್ಯಕ್ಷ! ಅವನ್ನ ಕೇಳೋರೇ ಇಲ್ವಾ..."

ಹೊಂಬಾಳಮ್ಮನ ಮುಖ ನೋಡಿ ಉಳಿದದ್ದನ್ನು ನುಂಗಿದಳು. ಬಗ್ಗಿ, ತುಂಬಿದ ಬಿಂದಿಗೆಯನ್ನೆತ್ತಿ ಅವಳ ಸೊಂಟಕ್ಕಿರಿಸಿ ಹೋದಳು. ಅಷ್ಟು ಸಂಕಟದಲ್ಲೂ.

ಹೊಂಬಾಳಮ್ಮ ಕೇಳದೆ ಬಿಟ್ಟಿರಲಿಲ್ಲ. ಕೇಳಿದಾಗಲೆಲ್ಲ ಜಯಪ್ರಕಾಶನದು ಒಂದೇ ಉತ್ತರ. "ನಿಂಗ್ಯಾಕಮ್ಮಿ ಇದೆಲ್ಲ? ತೋರ್ಸಿದ್ ಕಡೆ ಸೈನಾಕಿ ಸುಮ್ನಿರು." ಹಾಗೆ ಸೈನು ಹಾಕಿ ಹಾಕಿ ಅವಳಿಗೆ ತನ್ನ ಹೆಸರನ್ನು ಕಂಡರೇ ರೇಗುತ್ತಿತ್ತು.

ಬಿಂದಿಗೆಯನ್ನು ಮನೆಯಲ್ಲಿಳಿಸಿ ನೇರ ಪಟ್ಟಲದಮ್ಮನ ಗುಡಿಗೆ ನಡೆದಳು. ಹೂವು ಕೇಳಿದಳು. ಬಲಗಡೆಯದು ಬಿದ್ದರೆ ಅಮ್ಮ ನಡೆಸಿಕೊಡುತ್ತಾಳೆಂದು ಅರ್ಥ. ಬಲಗಡೆಯದೂ ಬೀಳಲಿಲ್ಲ, ಎಡಗಡೆಯದೂ ಬೀಳಲಿಲ್ಲ. ಕಾಲು ಜೋಮು ಹಿಡಿಯಿತು.

"ನೀನೂ ಅವರ ಹಂಗೇ ಆಗ್ಬುಟ್ಯಾ, ತಾಯಿ?" ಹೊಂಬಾಳಮ್ಮನಿಗೆ ಅಳು ಬಂತು.

ಗುಡಿ ಗುಡಿಸುತ್ತಿದ್ದ ಮುದುಕಿ ಚಿಕ್ಕಬೋರಮ್ಮ ಪೊರಕೆ ಕೆಳಗಿಟ್ಟಳು. "ಅಮ್ಮ ಕೊಡಾದ್ನ ನಿಂಗೆ ಆಗ್ಲೇ ಕೊಟ್ಟವ್ಳೆ ಕಣವ್ವ. ಕೊಟ್ಟಿದ್ದ ಮಡಿಕ್ಕಂಡು ಮತ್ತೆ ಹೂವು ಕೇಳ್ತೀಯಲ್ಲ, ಅವ್ಳಿಗೂ ಬ್ಯಾಸರ ಆಗಕಿಲ್ವಾ?"

ಹೊಂಬಾಳಮ್ಮ ದೇವಿಯ ಮುಖ ನೋಡಿದಳು. ಆಮೇಲೆ ಕಣ್ಣೊರೆಸಿಕೊಂಡಳು. "ಆಯ್ತು. ಜೊತೇಲಿರು" ಎಂದಳು.

ಮಧ್ಯಾಹ್ನ ಅವಳು ಊಟದ ಡಬ್ಬಿ ಹಿಡಿದು ಪಂಚಾಯಿತಿ ಕಚೇರಿಯೊಳಗೆ ಬಂದಾಗ ಜಯಪ್ರಕಾಶ್ ಫ್ಯಾನಿನ ಕೆಳಗೆ ಕುಳಿತು ಶಾಮಿಯಾನದವನೊಡನೆ ಫೋನಿನಲ್ಲಿದ್ದ. ಅವಳು ಅವನನ್ನು ಮಾತನಾಡಿಸಲಿಲ್ಲ. ಬಾಗಿಲಲ್ಲಿ ನಿಂತಿದ್ದ ವಾಟರ್‌ಮನ್ ಸ್ವಾಮಿಯ ಕಡೆ ತಿರುಗಿದಳು.

"ಸ್ವಾಮಿ, ಆ ಮೋಟರ್ ಎತ್ತಪ್ಪ. ಇವತ್ತೇ ಇಳಿಸ್ಬೇಕು."

ಜಯಪ್ರಕಾಶ್ ಫೋನು ಕುಕ್ಕಿದ. "ಲೇ ಸ್ವಾಮಿ, ಮುಟ್ಟುದ್ರೆ ಕೆಲ್ಸ ಓಯ್ತದೆ ಕಣ್ಲಾ!"

ಸ್ವಾಮಿ ಒಮ್ಮೆ ಅವನನ್ನು ನೋಡಿದ, ಒಮ್ಮೆ ಅವಳನ್ನು ನೋಡಿದ. ಟವೆಲು ಸೊಂಟಕ್ಕೆ ಬಿಗಿದ.

"ಅವ್ರೇ ಹೇಳ್ದ ಮೇಲೆ ನಿಮ್ ಮಾತು ನಡ್ಯಾಕಿಲ್ಲ ಕಣಣ್ಣ."

ಹೊರಗಿದ್ದ ಇಬ್ಬರನ್ನು ಕೂಗಿದ. ಮೂವರೂ ಸೇರಿ ಮೋಟರನ್ನು ಎತ್ತಿಕೊಂಡು ಹೊರಟೇಬಿಟ್ಟರು.

ಹೊಂಬಾಳಮ್ಮ ಮೇಜಿನ ಆಚೆ ಬದಿಗೆ ಬಂದು ನಿಂತಳು. "ಏಳಿ."

ಜಯಪ್ರಕಾಶನ ದನಿ ಇಳಿಯಿತು. "ದೊಡ್ಡೋರ್ಗೆ ಏನೇಳ್ಲಿ ನಾನು?"

"ಪಟ್ಟಲದಮ್ಮನೇ ಟೇಪು ಕತ್ತರಿಸಿದ್ಲು ಅಂತ ಹೇಳಿ."

ಅವನು ಎದ್ದ.

ಹೆಂಗಸರ ಮೀಸಲಿನಲ್ಲಿ ಗೆದ್ದ ಮೇಲೆ ಒಂದು ದಿನವೂ ಕೂರದ ಆ ಕುರ್ಚಿಯಲ್ಲಿ ಕುಳಿತು, ಅಧ್ಯಕ್ಷೆ ಹೊಂಬಾಳಮ್ಮ ಊಟದ ಡಬ್ಬಿಯನ್ನು ಗಂಡನ ಕೈಗಿಟ್ಟಳು.