ಬೀಗರ ಎದುರಿನಲ್ಲಿ

ಗಂಡ ವಾರದಿಂದ ನಿದ್ದೆಯಿಲ್ಲದೆ ಹಾಡುತ್ತ ಕುಣಿಯುತ್ತಿದ್ದ. ಹೊಸದಾಗಿ ಬಂದ ಸೊಸೆಗೆ ದಿಕ್ಕೇ ತೋಚಲಿಲ್ಲ. ನಾದಿನಿಯ ಭಾವೀ ಮಾವನೇ ಗಂಡ, ಅತ್ತೆ, ಸೊಸೆ ಮೂವರನ್ನೂ ಕಾರಿನಲ್ಲಿ ಮನೋವೈದ್ಯರ ಬಳಿ ಕರೆತಂದರು. ಒಳಗೂ ಬಂದು ಕುಳಿತರು.

"ಚಿಕ್ಕಂದಿನಿಂದ ಹೀಗೇ ಇದ್ರೆ ಅತಿ ಚಂಚಲತೆಯ ತೊಂದರೆ, ಎಡಿಎಚ್‌ಡಿ ಇರಬಹುದು. ಚೆನ್ನಾಗಿದ್ದೋರು ನಡುವೆ ಹೀಗಾದ್ರೆ ಬೈಪೋಲಾರ್, ಒಮ್ಮೆ ಅತಿ ಉತ್ಸಾಹ, ಒಮ್ಮೆ ಸಾಯೋಷ್ಟು ಬೇಜಾರು. ಎಡಿಎಚ್‌ಡಿ ಮಾತ್ರೆ ಬೈಪೋಲಾರ್‌ಗೆ ಕೊಟ್ರೆ ಕೈಮೀರುತ್ತೆ. ಯೋಚಿಸಿ ಹೇಳಿ," ಎಂದರು ಡಾಕ್ಟರು.

ಸೊಸೆ ಅತ್ತೆಯ ಮುಖ ನೋಡಿದಳು.

"ಹುಟ್ಟಿದಾಗಿಂದ ಹೀಗೇ ಸ್ವಾಮಿ, ಕೂತಲ್ಲಿ ಕೂರೋನಲ್ಲ," ಎಂದರು ಅತ್ತೆ.

"ಬೈಪೋಲಾರ್ ವಂಶದಲ್ಲಿ ಬರುತ್ತೆ. ಮನೇಲಿ ಬೇರೆ ಯಾರಿಗಾದ್ರೂ ಇತ್ತಾ?"

ಅತ್ತೆ ಬೀಗರತ್ತ ನೋಡಿದರು. "ಯಾರಿಗೂ ಇಲ್ಲ."

ಡಾಕ್ಟರು ಎಡಿಎಚ್‌ಡಿ ಮಾತ್ರೆ ಬರೆದರು.

ಬೀಗರು ಕಾರು ತರಲು ಹೋದದ್ದೇ ತಡ, ಅತ್ತೆ ಸೊಸೆಯ ಕೈಯಿಂದ ಚೀಟಿ ಕಿತ್ತುಕೊಂಡರು.

"ಇದನ್ನ ಕೊಡಬೇಡ ಕಣೇ. ನಿನ್ ಮಾವನೋರೂ ಬಾವಿಗೆ ಹಾರೋ ಮೊದಲು ಹೀಗೇ ಹಾಡ್ಕೊಂಡು ಕುಣೀತಿದ್ರು."