ಅರ್ಧ ಕ್ಯಾನು ಘಮ

ಪರಿಮಳ ತೆರಿಗೆಯ ಕರಿಬಸಪ್ಪ ಎಂದಿನಂತೆ ಬೆಳಿಗ್ಗೆ ಏಳಕ್ಕೇ ಬಂದು, ಕೊಟ್ರಮ್ಮನ ಹೋಟೆಲಿನ ಹೆಂಚಿನ ಮೇಲೆ ಕ್ಯಾನು ಬೋರಲು ಹಿಡಿದು, ಬೆಣ್ಣೆದೋಸೆಯ ಘಮದಲ್ಲಿ ಮುಕ್ಕಾಲು ಪಾಲನ್ನು ತುಂಬಿಕೊಂಡ. ಹೋದ ವರ್ಷ ಕಾಲು ಪಾಲಿತ್ತು. ಮುಚ್ಚಳ ಬಿಗಿದು ನೇರ ಎದುರಿನ ಹಾಲಮ್ಮನ ಹೋಟೆಲಿಗೆ ನಡೆದ. ಹಾಲಮ್ಮ ಸರ್ಕಾರದ ಉಚಿತ ಘಮ ಯೋಜನೆಯ ಫಲಾನುಭವಿ.

ಹಾಲಮ್ಮ ಬೆಣ್ಣೆ ಮುಟ್ಟಿ ವರ್ಷವಾಗಿತ್ತು. ಆದರೂ ಅವಳ ಒಣ ದೋಸೆಯ ಘಮ ಬೀದಿ ದಾಟಿ ಬಂತು. ಅದರೊಳಗೆ ವೀಳ್ಯದೆಲೆಯ ವಾಸನೆಯೂ ಇತ್ತು. ಬೆಣ್ಣೆಯಲ್ಲಿ ಅದ್ದಿದ ವೀಳ್ಯದೆಲೆಯಿಂದ ಹೆಂಚು ಒರೆಸುವವಳು ಊರಿಗೆಲ್ಲ ಕೊಟ್ರಮ್ಮ ಒಬ್ಬಳೇ. ತನ್ನ ಗಿರಾಕಿಗಳೇ ಅಲ್ಲಿ ಮೂಗರಳಿಸಿ ಕೂತದ್ದನ್ನು ಕಂಡು ಅವಳ ಹೊಟ್ಟೆ ಹೆಂಚಿಗಿಂತ ಹೆಚ್ಚು ಕಾಯಿತು.

"ಬರ್ರಿ ಕೊಟ್ರಮ್ಮಾರೆ, ಒಂದು ದೋಸಿ ತಿಂದು ಹೋಗ್ರಿ," ಎಂದು ಹಾಲಮ್ಮ ಕರೆದಳು.

ಮರುದಿನ ಕೊಟ್ರಮ್ಮ ಬೆಣ್ಣೆಯ ಮಡಕೆ ಕವುಚಿಟ್ಟು, ನೀರು ಚಿಮುಕಿಸಿ ದೋಸೆ ಹುಯ್ದಳು. ಕರಿಬಸಪ್ಪನ ಕ್ಯಾನಿಗೆ ಬರೀ ಹಬೆ ಹತ್ತಿತು.

"ಇನ್ನು ನಾನೂ ಫಲಾನುಭವಿನೇ. ನನಗೂ ಅರ್ಧ ಕ್ಯಾನು ಹಾಕ್ರಿ," ಎಂದಳು, ಎದುರಿನ ಹೋಟೆಲಿನ ಮೇಲೆ ಕಣ್ಣಿಟ್ಟು.

ಕರಿಬಸಪ್ಪ ಕ್ಯಾನು ಅಲುಗಾಡಿಸಿ ತೋರಿಸಿದ. "ಎಲ್ಲಿಂದ ಹಾಕ್ಲಿ ಅಮ್ಮಾ? ಈ ಊರಾಗ ಬೆಣ್ಣಿ ಹಾಕೋರು ನೀವೊಬ್ರೇ ಉಳಿದಿದ್ರಿ."

ಘಮವಿಲ್ಲದ ಹಾಲಮ್ಮನ ಹೋಟೆಲಿನಿಂದ ಗಿರಾಕಿಗಳು ಒಬ್ಬೊಬ್ಬರಾಗಿ ಎದ್ದು ಹೊರಟರು. ಕೊಟ್ರಮ್ಮ ಹೊಟ್ಟೆ ತಣ್ಣಗಾಗುವವರೆಗೂ ನೋಡಿದಳು. ಬೀದಿ ಖಾಲಿಯಾದ ಮೇಲೆ, ಅವರಲ್ಲಿ ಒಬ್ಬನೂ ತನ್ನ ಕಡೆ ತಿರುಗಲಿಲ್ಲವೆಂಬುದು ಅವಳಿಗೆ ಹೊಳೆಯಿತು.